ಅಂಟಿನುಂಡಿ ಕಟ್ಟಿಕೊಂಡು ಹೋದ ಊರು

ಬೈಲಹೊಂಗಲ

ಪರದೇಶಕ್ಕೆ ಹೋಗಿ ಬಂದವರು ಮೊದಲು ಊರಿನ ಹೆಸರು ಹೇಳುತ್ತಾರೆ. ನಾನು ಹೇಳುವುದಿಲ್ಲ. ನಮ್ಮ ಅಕ್ಕನ ಅಳಿಯ ಮಹಾಂತೇಶ ಇನ್ನೂ ಅಲ್ಲೇ ನೌಕರಿಯಲ್ಲಿದ್ದಾನೆ. ಇದನ್ನೆಲ್ಲ ಬರೆಯುತ್ತೇನೆ ಎಂದಾಗ, "ಅತ್ತಿ, ಏನರ ಬರೀರಿ, ಊರಿನ ಹೆಸರ ಮಾತ್ರ ಬ್ಯಾಡ್ರಿ, ನಿಮ್ಮ ಕಾಲ ಬೀಳತೇನಿ" ಎಂದು ಫೋನಿನಲ್ಲೇ ಗೋಗರೆದ. ಕೊಲ್ಲಿಯ ಕಡೆಯ ಒಂದು ದೇಶ, ಸಮುದ್ರದ ದಂಡೆಯ ದೊಡ್ಡ ಊರು ಎಂದಷ್ಟೇ ತಿಳಿದುಕೊಳ್ಳಿ. ಅಲ್ಲಿ ಎಷ್ಟು ಮಹಡಿಯ ಕಟ್ಟಡಗಳಿವೆ, ಬಂಗಾರ ಹೇಗೆ ಎಂದು ಕೇಳುವವರಿಗೆ ಕೊಡಲು ನನ್ನ ಬಳಿ ಉತ್ತರವಿಲ್ಲ. ನಾನು ಅಲ್ಲಿ ನೋಡಿದ್ದು ಒಂದು ವಿಮಾನ ನಿಲ್ದಾಣ, ಒಂದು ಅಡಿಗೆಮನೆ, ಒಂದು ಜೈಲು.

ನಾನು ಬೈಲಹೊಂಗಲದ ಕನ್ನಡ ಸಾಲೆಯಲ್ಲಿ ಮಕ್ಕಳಿಗೆ ಮಗ್ಗಿ ಕಲಿಸಿ ನಿವೃತ್ತಳಾದವಳು. ಮದುವೆಯ ಉಸಾಬರಿಗೆ ಹೋಗಲಿಲ್ಲ. ನನಗೆ ಒಬ್ಬಳೇ ಅಕ್ಕ, ನೀಲವ್ವ. ಅವಳನ್ನು ರಾಮದುರ್ಗಕ್ಕೆ ಕೊಟ್ಟಿತ್ತು. ಅವಳ ಗಂಡ, ನಮ್ಮ ಮಾವ, ತೀರಿಕೊಂಡ ಮೇಲೆ ಅವಳಿಗೆ ಉಳಿದದ್ದು ಮಗಳು ಸುಮಾ. ಸುಮಾಳನ್ನು ಕಿತ್ತೂರಿನ ಮಹಾಂತೇಶನಿಗೆ ಕೊಟ್ಟೆವು. ಅವನು ಆ ದೇಶದ ದೊಡ್ಡ ಕಟ್ಟಡಗಳಲ್ಲಿ ಏಸಿ ರಿಪೇರಿ ಮಾಡುತ್ತಾನೆ. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು, ಸುಮಾ ಬಸುರಿ ಎಂಬ ಸುದ್ದಿ ಬಂತು.

ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು. ಆದರೆ ಸುಮಾಳಿಗೆ ಬಿ.ಪಿ. ಏರಿತ್ತು, ವಿಮಾನ ಹತ್ತಲೇಬಾರದು ಎಂದು ಅಲ್ಲಿಯ ಡಾಕ್ಟರು ಕಟ್ಟಪ್ಪಣೆ ಮಾಡಿದರು. ಅಕ್ಕ ಒಂದು ದಿನ ಅತ್ತಳು. ಮರುದಿನ ನನ್ನ ಮನೆ ಬಾಗಿಲಿಗೆ ಬಂದು ನಿಂತಳು.

"ಸರೂ, ಮಗಳಿಗೆ ತವರಿಗೆ ಬರಾಕ ಆಗಲಿಲ್ಲಂದ್ರ ತವರ ಮನೀನ ಗಂಟ ಕಟ್ಕೊಂಡು ಹೋಗೂಣು ನಡಿ."

"ನಾ ಯಾಕ ಬೇ? ನನಗ ಬಾಣಂತನ ಏನ್ ತಿಳೀತೈತಿ?"

"ನಿನಗ ಇಂಗ್ಲೀಷ್ ಬೋರ್ಡ್ ಓದಾಕ ಬರತೈತಿ. ಉಳದದ್ದು ನಾ ನೋಡ್ಕೋತೇನಿ."

ತವರುಮನೆಯನ್ನು ಗಂಟು ಕಟ್ಟುವುದು ಎಂದರೆ ಏನೆಂದು ನನಗೆ ಆಗಲೇ ಗೊತ್ತಾದದ್ದು. ನನ್ನ ಅಡಿಗೆಮನೆ ಅವಳ ಕೈಗೆ ಹೋಯಿತು. ಅಂಟನ್ನು ತುಪ್ಪದಲ್ಲಿ ಹುರಿದು, ಒಣಕೊಬ್ಬರಿ ಹೆರೆದು, ಉತ್ತತ್ತಿ ಕುಟ್ಟಿ, ಗಸಗಸಿಯನ್ನು ಘಮ್ಮೆನ್ನುವಂತೆ ಹುರಿದು ಹಾಕಿ, ಬೆಲ್ಲದ ಪಾಕದಲ್ಲಿ ಅಂಟಿನುಂಡಿ ಕಟ್ಟಿದಳು. ನಮ್ಮ ಕಡೆ ಬಾಣಂತಿಯ ಸೊಂಟ ಗಟ್ಟಿಯಾಗುವುದು ಇದರಿಂದಲೇ ಎಂದು ನಂಬಿಕೆ. ಅಷ್ಟು ಸಾಲದೆಂದು, ಅಲ್ಲಿ ಮತ್ತೆ ಕಟ್ಟಲು ಬೇಕಾದೀತೆಂದು, ಸವದತ್ತಿ ಬಜಾರದ ತನ್ನ ಕಾಯಂ ಅಂಗಡಿಯಿಂದ ತಂದ ಗಸಗಸಿಯನ್ನು ಬೇರೆಯೇ ಬಟ್ಟೆಯಲ್ಲಿ ಗಂಟು ಹಾಕಿದಳು.

ಎಲ್ಲಕ್ಕಿಂತ ಕೆಳಗೆ, ಸೀರೆಯ ಮಡಿಕೆಯೊಳಗೆ ಇಟ್ಟದ್ದು ಬಿಂದಲಿ. ಕೂಸಿನ ಕೈಗೆ ಹಾಕುವ ಪುಟ್ಟ ಬೆಳ್ಳಿ ಕಡಗ. ರಾಮದುರ್ಗದ ಪತ್ತಾರನ ಮುಂದೆ ಕುಳಿತು, ಚುಚ್ಚದಂತೆ ಅಂಚು ತಿಕ್ಕಿಸಿಕೊಂಡು ಬಂದಿದ್ದಳು.

"ಬರಿಗೈಲೆ ಕೂಸಿನ ಮಾರಿ ನೋಡಬಾರದವಾ" ಎಂದಳು.

ಇದು ನಮ್ಮ ಮನೆಯಲ್ಲಿ ಬಾಯಿಮಾತಲ್ಲ. ಸುಮಾ ಹುಟ್ಟಿದ್ದು ನಮ್ಮ ತವರು ಚಚಡಿಯಲ್ಲಿ. ಹೊಲದಲ್ಲಿದ್ದ ಅಪ್ಪ ಸುದ್ದಿ ಕೇಳಿ ಓಡಿ ಬಂದವನು, ಕೈಯಲ್ಲಿ ಏನೂ ಇಲ್ಲವೆಂದು ನೆನಪಾಗಿ ಗೋಡೆಗೆ ಮುಖ ಮಾಡಿ ಕಟ್ಟೆಯ ಮೇಲೆ ಕುಳಿತುಬಿಟ್ಟ. ಒಳಗೆ ಕೂಸು ಅಳುತ್ತಿದೆ, ಹೊರಗೆ ಅಜ್ಜ ಗೋಡೆ ನೋಡುತ್ತಿದ್ದಾನೆ. ಯಾರೋ ಊರ ಸಾಹುಕಾರರ ವಾಡೆಯ ಕಡೆ ಹೋಗಿ ಒಂದು ಬೆಳ್ಳಿ ರೂಪಾಯಿ ಇಸಿದುಕೊಂಡು ಬರುವವರೆಗೆ ಆಸಾಮಿ ತಿರುಗಲಿಲ್ಲ. ಆ ಹಟ ಅಕ್ಕನಿಗೆ ಹಾಗೆಯೇ ಬಂದಿದೆ ಎಂದು ನಾನು ಚೇಷ್ಟೆ ಮಾಡುತ್ತಿದ್ದೆ.

ಮುಂಬೈಯಿಂದ ಮೇಲೆ

ಶ್ರೀಶೈಲ ಬಿಟ್ಟರೆ ಅಕ್ಕ ದೂರದ ಊರು ಕಂಡವಳಲ್ಲ. ಮುಂಬೈ ನಿಲ್ದಾಣದ ತಾನೇ ನಡೆಯುವ ಮೆಟ್ಟಿಲ ಮುಂದೆ, ಗಾಣದೆತ್ತು ಹಟ ಹಿಡಿದಂತೆ ನಿಂತಳು. ಹಿಂದೆ ಜನ ಗುಂಪುಗೂಡಿತು. ಕೊನೆಗೆ ಇಷ್ಟಲಿಂಗದ ಕರಡಿಗೆಯನ್ನು ಎದೆಗೆ ಒತ್ತಿಕೊಂಡು, ಕಣ್ಣು ಮುಚ್ಚಿ ಕಾಲಿಟ್ಟಳು. ಮೇಲೆ ಹೋದ ಮೇಲೆ, "ಇಷ್ಟ ಏನ? ಮತ್ತೊಮ್ಮೆ ಹತ್ತೂಣೇನ?" ಎಂದಳು.

ವಿಮಾನದಲ್ಲಿ ಕೊಟ್ಟ ಚಹಾದ ಕಪ್ಪು ನೋಡಿ, "ಇದೇನವಾ, ಕೂಸಿಗೆ ಔಷಧ ಹಾಕೂ ಗಿಲಾಸ ಕೊಟ್ಟಾರಲ್ಲ" ಎಂದು ಮತ್ತೊಂದು ಕೇಳಿ ಇಸಿದುಕೊಂಡಳು. ಪಕ್ಕದಲ್ಲಿ ಗಾರೆ ಕೆಲಸಕ್ಕೆ ಹೊರಟಿದ್ದ ಒಬ್ಬ ಬಿಹಾರಿ ಏನೂ ತಿನ್ನದೆ ಕುಳಿತಿದ್ದ. ಅವನಿಗೆ ಭಾಷೆ ಬಾರದೆಯೇ ಖಡಕ್ ರೊಟ್ಟಿ, ಶೇಂಗಾ ಚಟ್ನಿ ತಿನ್ನಿಸಿದಳು. ಅವನು ಖಾರಕ್ಕೆ ಕಣ್ಣೀರು ಹಾಕುತ್ತಲೇ ಇನ್ನೊಂದು ರೊಟ್ಟಿಗೆ ಕೈ ಚಾಚಿದ.

ಇಳಿಯುವ ಮುಂಚೆ ಎದುರಿನ ಪರದೆಯಲ್ಲಿ ಒಂದು ಎಚ್ಚರಿಕೆ ಬಂತು. ಮಾದಕ ವಸ್ತು ತಂದವರಿಗೆ ಈ ದೇಶದಲ್ಲಿ ಕ್ಷಮೆಯಿಲ್ಲ ಎಂದು. ಬೇಡಿ ಹಾಕಿದ ಎರಡು ಕೈಗಳ ಚಿತ್ರವೂ ಇತ್ತು. ನಾನು ಓದಿ ಅಕ್ಕನಿಗೆ ಹೇಳಿದೆ.

"ಅಯ್ಯ ಶಿವನ, ಅಂಥಾ ಮಂದೀನೂ ನಮ್ಮ ವಿಮಾನದಾಗ ಅದಾರೇನು?" ಎಂದು ಅವಳು ಕೈಚೀಲವನ್ನು ತೊಡೆಯ ಮೇಲೆ ಎಳೆದುಕೊಂಡಳು. ನಾನೂ ಸುಮ್ಮನಿರಲಿಲ್ಲ. ಮುಂದಿನ ಸಾಲಿನಲ್ಲಿ ಜುಟ್ಟು ಬಿಟ್ಟ ಒಬ್ಬನನ್ನು ಗುರುತು ಹಿಡಿದು, ಇವನೇ ಇರಬೇಕು ಎಂದುಕೊಂಡೆ.

ಪೆಟ್ಟಿಗೆ ಬಿಚ್ಚುವ ಕಟ್ಟೆ

ಜುಟ್ಟಿನವನು ನಮ್ಮ ಕಣ್ಣೆದುರೇ ಸಿಳ್ಳು ಹಾಕುತ್ತ ಹೊರಗೆ ಹೋದ. ನಮ್ಮ ಪೆಟ್ಟಿಗೆಯನ್ನು ಪಕ್ಕಕ್ಕೆ ಎಳೆದರು.

ಅಲ್ಲಿಯ ಜನರ ರೀತಿ ಹೇಳಬೇಕು. ಕಸ್ಟಮ್ಸ್ ಅಧಿಕಾರಿ ಮೂವತ್ತರ ಆಸುಪಾಸಿನವನು. ವಯಸ್ಸಾದ ಹೆಂಗಸು ಬಂದಳೆಂದು ಎದ್ದು ನಿಂತ, ಬಲಗೈಯನ್ನು ಎದೆಯ ಮೇಲಿಟ್ಟು ತಲೆ ಬಾಗಿಸಿದ, ಕುರ್ಚಿ ತರಿಸಿದ, ನೀರು ಕೊಡಿಸಿದ. ನಮ್ಮ ಠಾಣೆಗಳಲ್ಲಿ ಕಾಲಿಟ್ಟ ಕೂಡಲೇ 'ಏನಬೇ' ಎನ್ನುವುದನ್ನು ಕೇಳಿದ ನನಗೆ ಜೀವ ತಂಪಾಯಿತು. ಡಬ್ಬಿ ತೆಗೆದು, ಉಂಡಿಯೊಂದನ್ನು ಎತ್ತಿ ಹಿಡಿದು, ಇದು ಏನು ಎಂದು ಉರ್ದುವಿನಲ್ಲಿ ಕೇಳಿದ.

ನಮ್ಮ ಕಡೆ ಉಂಡಿ ಕಟ್ಟಿದವಳನ್ನು 'ಇದರಾಗ ಏನೇನ ಹಾಕೀರಿ' ಎಂದು ಕೇಳುವುದು ದೊಡ್ಡ ಮರ್ಯಾದೆ. ಕೇಳಿದರೆ ಮುಚ್ಚಿಡದೆ ಎಲ್ಲ ಹೇಳಬೇಕು. ಅಕ್ಕನ ಮುಖ ಅರಳಿತು. ತನ್ನ ರಾಮದುರ್ಗದ ಉರ್ದುವಿನಲ್ಲಿ, ಬೆರಳು ಮಡಿಚುತ್ತ ಹೇಳತೊಡಗಿದಳು. ಅಂಟು, ಕೊಬ್ಬರಿ, ಉತ್ತತ್ತಿ, ಗಸಗಸಿ. ಆ ಹೆಸರು ಬಂದ ಕೂಡಲೇ ಅವನು ಮತ್ತೊಮ್ಮೆ ಕೇಳಿದ. ಅವನಿಗೆ ತಿನ್ನುವ ಆಸೆ ಹುಟ್ಟಿತೆಂದು ಅಕ್ಕನಿಗೆ ಮತ್ತೂ ಹುರುಪು. ತಾನೇ ಪೆಟ್ಟಿಗೆಗೆ ಕೈ ಹಾಕಿ ಬಟ್ಟೆಯ ಗಂಟು ತೆಗೆದು, ಬಿಚ್ಚಿ, ಅವನ ಅಂಗೈಯಲ್ಲಿ ಒಂದಿಷ್ಟು ಸುರಿದಳು.

"ತಿನ್ರಿ ಸಾಹೇಬ್ರ, ಮಗಳ ಬಾಣಂತನಕ್ಕ ಮಾಡಿದ್ದು. ನಿಮ್ಮ ಮನಿಯವರಿಗೂ ಒಂದೆರಡು ಒಯ್ಯಿರಿ."

ಅವನು ತಿನ್ನಲಿಲ್ಲ. ಅಂಗೈಯಲ್ಲಿದ್ದ ಕಾಳನ್ನು ಒಂದೂ ಬೀಳದಂತೆ ಕಾಗದದ ಮೇಲೆ ಹಾಕಿ, ಫೋನು ಎತ್ತಿದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ, ಸಂಕಟವಿತ್ತು.

ದುಭಾಷಿಯಾಗಿ ಬಂದವರು ಹೈದರಾಬಾದಿನ ಕಡೆಯ ಒಬ್ಬ ವಯಸ್ಸಾದ ಮನುಷ್ಯ. ಎಲ್ಲರೂ ಅವರನ್ನು ಖಾನ್ ಸಾಹೇಬರು ಎನ್ನುತ್ತಿದ್ದರು. ಅವರು ನನ್ನನ್ನು ಪಕ್ಕಕ್ಕೆ ಕೂರಿಸಿ, ತಮಗೆ ಬರುವ ಕನ್ನಡದಲ್ಲೇ ಮೆಲ್ಲಗೆ ತಿಳಿಸಿದರು. ಗಸಗಸಿ ಎಂದರೆ ಅಫೀಮಿನ ಗಿಡದ ಬೀಜ. ನಮ್ಮಲ್ಲಿ ಅದು ಮಸಾಲೆ ಡಬ್ಬಿಯಲ್ಲಿರುತ್ತದೆ. ಅಲ್ಲಿ ಅದು ಅಫೀಮು, ಗಾಂಜಾ ಇರುವ ಪಟ್ಟಿಯಲ್ಲೇ ಇದೆ. ತಂದವರಿಗೆ ವರ್ಷಗಟ್ಟಲೆ ಜೈಲು ಆದದ್ದುಂಟು.

"ಆಕೀಗೆ ಗೊತ್ತಿಲ್ಲರೀ" ಎಂದೆ.

"ಗೊತ್ತಿಲ್ಲ ಅನ್ನೋದು ಇಲ್ಲಿ ಎಲ್ರೂ ಹೇಳೋ ಮಾತು, ಬೆಹೆನ್‌ಜಿ" ಎಂದರು ಅವರು. "ಈ ಊರಿನ ಹರೇದ ಹುಡುಗ್ರು ಈ ವಿಷಕ್ಕೆ ಬಿದ್ದು ಮನೆ ಮನೆ ಹಾಳಾದವು. ಮಾರೋ ಟೋಳಿಯವರು ತಾವು ಹೊತ್ಕೊಂಡು ಬರೋದಿಲ್ಲ. ಮುದುಕರ ಕೈಲಿ, ಬಸುರಿಯರ ಕೈಲಿ, ಮಿಠಾಯಿ ಡಬ್ಬೀಲಿ ಕಳಿಸ್ತಾರೆ. ಅದಕ್ಕೆ ಸರ್ಕಾರ ಮುಖ ನೋಡೋದು ಬಿಟ್ಟಿದೆ. ಮಾಲು ಒಂದೇ ನೋಡ್ತದೆ."

ನಾನು ಬೈಲಹೊಂಗಲದಲ್ಲಿ ಪ್ರತಿ ವರ್ಷ ಮೇಲಿನಿಂದ ಸುತ್ತೋಲೆ ಬಂದಾಗ, ಮಾದಕ ವಸ್ತುಗಳ ವಿರುದ್ಧ ಸಾಲೆಯ ಮಕ್ಕಳ ಮೆರವಣಿಗೆ ತೆಗೆದವಳು. ಫಲಕಗಳನ್ನು ನಾನೇ ಬರೆಯುತ್ತಿದ್ದೆ, ಘೋಷಣೆ ನಾನೇ ಕೂಗಿಸುತ್ತಿದ್ದೆ. ಖಾನ್ ಸಾಹೇಬರ ಮಾತಿನಲ್ಲಿ ಒಂದನ್ನೂ ಸುಳ್ಳೆನ್ನಲು ನನ್ನಿಂದಾಗಲಿಲ್ಲ. ಆದರೆ ರಾಮದುರ್ಗದ ಕಡೆ ಹತ್ತಿಯ ಹೊಲದ ನಡುವೆ ಗಾಂಜಾ ಗಿಡ ಸಿಕ್ಕಿತೆಂದು ಅಬಕಾರಿ ಜೀಪು ಬಂದಾಗಲೂ ಒಯ್ದದ್ದು ಕೂಲಿಯವನನ್ನು. ಕೊಳ್ಳುವವನು ಯಾವ ಊರಿನವನೆಂದು ಯಾರೂ ಕೇಳಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದು ನಮ್ಮಲ್ಲೇ ಎಂದುಕೊಂಡಿದ್ದೆ. ಅಲ್ಲಿಯೂ ಅದೇ ಎಮ್ಮೆ.

ಅಕ್ಕನ ಸೀರೆಯ ಮಡಿಕೆಯಿಂದ ಬಿಂದಲಿ ಹೊರಬಂತು. ವಿಭೂತಿ ಗಟ್ಟಿಯನ್ನು ಮೂಸಿ ನೋಡಿದರು. ಕರಡಿಗೆಯನ್ನೂ ಕೇಳಿದಾಗ ಅಕ್ಕ ಮೊದಲ ಸಲ ಹೆದರಿದಳು. ಲಿಂಗಪೂಜೆ ಇಲ್ಲದೆ ಅವಳು ನೀರೂ ಮುಟ್ಟುವವಳಲ್ಲ. ಖಾನ್ ಸಾಹೇಬರು ಅಧಿಕಾರಿಗೆ ಏನೋ ಹೇಳಿದರು. ಅವನು ಬೆಳ್ಳಿಯ ಕರಡಿಗೆಯನ್ನು ತೆಗೆದುಕೊಂಡು, ಒಳಗಿನ ಲಿಂಗವನ್ನು ಎರಡೂ ಕೈಯಿಂದ ಎತ್ತಿ, ಬಿಳಿ ಬಟ್ಟೆಯಲ್ಲಿಟ್ಟು ಅವಳಿಗೆ ಕೊಟ್ಟ. ಬಿಂದಲಿ, ಬಳೆ, ಕರಡಿಗೆ ಎಲ್ಲ ಒಂದು ಲಕೋಟೆಗೆ ಹೋದವು. ಬಾಯಿಗೆ ಅರಗು ಬಿತ್ತು. ಆಮೇಲೆ ಅಷ್ಟೇ ಗೌರವದಿಂದ ಅಕ್ಕನನ್ನು ಒಳಗೆ ಕರೆದುಕೊಂಡು ಹೋದರು.

ಪೆಟ್ಟಿಗೆ ಅವಳ ಹೆಸರಿನಲ್ಲಿತ್ತು. ನನ್ನದರಲ್ಲಿ ಸೀರೆ, ಉಪ್ಪಿನಕಾಯಿ ಮಾತ್ರ. ನನ್ನನ್ನು ಬಿಟ್ಟರು.

ಬಾಗಿಲ ಬಳಿ ಅಕ್ಕ ತಿರುಗಿ, "ಸುಮಾಗ ಹೇಳಬ್ಯಾಡ. ಬಿ.ಪಿ. ಏರತೈತಿ" ಎಂದಳು.

ಸುಮಾಳ ಮನೆ

ನಿಲ್ದಾಣದಿಂದ ಮನೆಗೆ ಹೋಗುವ ದಾರಿಯಲ್ಲಿ ಮಹಾಂತೇಶ ಕಾರಿನಲ್ಲಿ ಅತ್ತುಬಿಟ್ಟ. "ಅತ್ತಿ, ನಾ ಫೋನಿನ್ಯಾಗ ಒಂದ ಮಾತ ಹೇಳಿದ್ರ ಆಗತಿತ್ತು. ಗಸಗಸಿ ಅನ್ನೂದು ನನ್ನ ತಲ್ಯಾಗ ಬರಲೇ ಇಲ್ಲರಿ" ಎಂದ. ಗಸಗಸಿ ತರಬೇಡಿ ಎಂದು ಹೇಳಲು ಯಾರಿಗಾದರೂ ಹೇಗೆ ಹೊಳೆಯಬೇಕು? ಉಪ್ಪು ತರಬೇಡಿ ಎಂದಂತೆ ಅದು. ಕೆಂಪು ದೀಪ ಹತ್ತಿದಾಗ ಖಾಲಿ ರಸ್ತೆಯಲ್ಲೂ ಅವನು ಗಾಡಿ ನಿಲ್ಲಿಸಿ ಕಣ್ಣೊರೆಸಿಕೊಂಡ. ಆ ಊರಿನಲ್ಲಿ ಯಾರೂ ಕಾಯಿದೆ ಮುರಿಯುವುದಿಲ್ಲ.

ಸುಮಾಳಿಗೆ ಒಂದು ಸುಳ್ಳು ಕಟ್ಟಿದೆವು. ಅವ್ವನ ವೀಸಾದಲ್ಲಿ ಏನೋ ತಪ್ಪಾಗಿ ಮುಂಬೈಯಲ್ಲೇ ಉಳಿದಿದ್ದಾಳೆ, ಪರಿಚಯದವರ ಮನೆಯಲ್ಲಿದ್ದಾಳೆ ಎಂದು. ಮೂವತ್ತು ವರ್ಷ ಮಕ್ಕಳ ಸುಳ್ಳು ಹಿಡಿದವಳು ನಾನು. ಹೇಳುವ ಕೆಲಸ ಹಿಡಿಯುವುದಕ್ಕಿಂತ ಎಷ್ಟು ಕಷ್ಟವೆಂದು ಅಲ್ಲಿ ಕಲಿತೆ.

"ಫೋನ್ ಯಾಕ ಮಾಡವಲ್ಳು, ಚಿಗವ್ವ?"

"ಆಕೀಗೆ ಆ ಮೊಬೈಲ್ ಒತ್ತಾಕ ಎಲ್ಲಿ ಬರತೈತಿ?"

"ಅಂಟಿನುಂಡಿ ಮಾಡ್ಯಾಳೇನು?"

"ಡಬ್ಬಿ ತುಂಬ ಮಾಡ್ಯಾಳ. ಆಕೀ ಕಡೇನ ಅದಾವ."

ಇದೊಂದು ಮಾತು ನಿಜವೇ ಆಗಿತ್ತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಸುಮಾ ಕಣ್ಣು ಮುಚ್ಚಿ, ಉಂಡಿಯ ವಾಸನೆ ಬಂದವಳಂತೆ ಮೂಗು ಅರಳಿಸಿದಳು. ನನಗೆ ಅಡಿಗೆಮನೆಗೆ ಎದ್ದು ಹೋಗದೆ ಗತ್ಯಂತರವಿರಲಿಲ್ಲ.

ಆ ಕಟ್ಟಡದಲ್ಲಿ ಎದುರು ಮನೆಯವರ ಮುಖ ವರ್ಷಗಟ್ಟಲೆ ಕಾಣುವುದಿಲ್ಲ ಎನ್ನುತ್ತಾರೆ. ಆದರೆ ಮನೆಯಲ್ಲಿ ಬಸುರಿ ಇದ್ದಾಳೆಂದು ಹೇಗೋ ತಿಳಿದು, ಆ ದೇಶದವಳೇ ಆದ ಒಬ್ಬ ಹೆಂಗಸು ಬಾಗಿಲು ತಟ್ಟಿ ಒಂದು ತಟ್ಟೆ ಖರ್ಜೂರ ಕೊಟ್ಟು ಹೋದಳು. ಮರುದಿನವೂ ತಟ್ಟೆ ಬಂತು. ಇದೇ ಊರು ನನ್ನ ಅಕ್ಕನನ್ನು ಒಳಗಿಟ್ಟುಕೊಂಡಿದೆ, ಇದೇ ಊರು ಅವಳ ಮಗಳಿಗೆ ಖರ್ಜೂರ ತಿನ್ನಿಸುತ್ತಿದೆ. ಯಾರನ್ನು ಬೈಯಬೇಕೆಂದು ತಿಳಿಯದೆ, ನಾನು ಪಾತ್ರೆಗಳನ್ನು ಬಡಿದು ಬಡಿದು ತೊಳೆದೆ.

ಫೋನಿನ ಕಿಂಡಿ

ಜೈಲು ಊರ ಹೊರಗೆ ಮರಳಿನ ನಡುವೆ ಇತ್ತು. ಗೋಡೆ ನಮ್ಮ ತೊರಗಲ್ಲ ಕೋಟೆಯಷ್ಟು ಎತ್ತರ, ಆದರೆ ಆಗಷ್ಟೇ ಸುಣ್ಣ ಬಳಿದಂತೆ ಬೆಳ್ಳಗಿತ್ತು. ವಾರಕ್ಕೊಮ್ಮೆ ಭೇಟಿ. ನಡುವೆ ದಪ್ಪ ಗಾಜು, ಮಾತಿಗೆ ಒಂದು ಫೋನು. ನಾವಾಡುವ ಮಾತನ್ನು ಕೇಳಿ ಬರೆದುಕೊಳ್ಳಲು ಪಕ್ಕದಲ್ಲಿ ಖಾನ್ ಸಾಹೇಬರು. ಅವರಿಗೆ ಕಲಬುರಗಿಯ ಕಡೆಯ ನೆಂಟಸ್ತಿಕೆಯಿಂದ ಕನ್ನಡ ಒಂದಿಷ್ಟು ತಿಳಿಯುತ್ತಿತ್ತು.

ಅಕ್ಕ ಬೂದು ಬಣ್ಣದ ನಿಲುವಂಗಿಯಲ್ಲಿದ್ದಳು. ಅವಳನ್ನು ಸೀರೆಯಿಲ್ಲದೆ ನಾನು ನೋಡಿದ್ದು ಅದೇ ಮೊದಲು. ನಾನು ಅಳಲು ಶುರು ಮಾಡಿದೆ. ಅವಳು ಗಾಜಿನ ಮೇಲೆ ಬೆರಳಿನಿಂದ ಟಕಟಕ ಬಡಿದಳು.

"ಅಳೂದ ಆಮ್ಯಾಲ. ಹೊಟ್ಟಿ ಕೆಳಗ ಇಳದೈತೇನ ನೋಡಿದೇನ?"

"ನನಗೇನ ತಿಳೀತೈತಿ ಬೇ?"

"ಉಸರಾಡಾಕ ಹಗರ ಆಗೇತೇನ ಕೇಳು. ಆಗಿದ್ರ ಇಳದಂಗ. ಈಗ ಲಕ್ಷ್ಯ ಕೊಟ್ಟ ಕೇಳ. ಹಡದ ಮ್ಯಾಲ ಬಳ್ಳೊಳ್ಳಿ ಸುಟ್ಟ ತಿನಸು. ಅಜಿವಾನದ ಹೊಗಿ ಹಾಕು. ತಣ್ಣೀರ ಮುಟ್ಟಾಕ ಬಿಡಬ್ಯಾಡ. ಕೂಸಿಗೆ ಎರಿಯೂ ಮುಂದ ಕಾಲ ಚಾಚಿ, ಕಾಲ ಮ್ಯಾಲ ಹಾಕ್ಕೊಂಡು ಎರಿ."

ಹೀಗೆ ನಾನು ಬಾಣಂತನ ಕಲಿತದ್ದು ಜೈಲಿನ ಫೋನಿನಲ್ಲಿ. ವಾರಕ್ಕೊಂದು ಪಾಠ. ತಪ್ಪಿದರೆ ಅಕ್ಕ ಗದರುತ್ತಿದ್ದಳು, ಥೇಟು ನಾನು ಸಾಲೆಯಲ್ಲಿ ಗದರುತ್ತಿದ್ದಂತೆ. ಕೂಸಿನ ಔಷಧದ ಬಜಿ ಬೇರನ್ನು ಎಷ್ಟು ಸುತ್ತು ತೇಯಬೇಕು, ಯಾವಾಗ ನೆಕ್ಕಿಸಬೇಕು ಎಂದು ಅವಳು ಬಹಳ ಹೊತ್ತು ವಿವರಿಸಿದ ದಿನ, ಖಾನ್ ಸಾಹೇಬರು ಹೊರಗೆ ಬಂದು ಹಣೆ ಒರೆಸಿಕೊಂಡರು. ಇವರು ಸಂಕೇತದ ಮಾತು ಆಡುತ್ತಿದ್ದಾರೆ, ಈ ಬಜಿ ಯಾವ ಮಾಲು ಎಂದು ಮೇಲಿನವರು ಕೇಳಿದ್ದರಂತೆ. "ಬೆಳ್ಳುಳ್ಳಿ, ಅಜವಾನ, ಬಜೆ. ಇವುಗಳ ಮೇಲೆ ನಾನು ಸರ್ಕಾರಕ್ಕೆ ಎರಡು ಪುಟ ಬರೆದುಕೊಟ್ಟೆ" ಎಂದು ನಕ್ಕರು. ನಾನೂ ನಕ್ಕೆ. ನಗುತ್ತಲೇ ಇಬ್ಬರ ಕಣ್ಣಲ್ಲೂ ನೀರು ಬಂತು.

ತನ್ನ ಸುತ್ತಲಿನವರ ಬಗ್ಗೆ ಅಕ್ಕ ಒಮ್ಮೆ ಮಾತ್ರ ಹೇಳಿದಳು.

"ಇಲ್ಲಿ ಯಾರೂ ಕೆಟ್ಟವರಿಲ್ಲ, ಸರೂ. ಮನಿಗೆಲಸಕ್ಕ ಬಂದ ಹುಡಿಗೇರು. ಯಾರೋ ಇದೊಂದ ಗಂಟ ಮುಟ್ಟಸವಾ ಅಂದ್ರ, ಆತೇಳ್ರಿ ಅಂತ ತಂದಾರ. ಕೊಟ್ಟಾವ ಎಲ್ಲಿ ಅದಾನೋ ದೇವರಿಗೇ ಗೊತ್ತು. ಇನ್ನ ಮ್ಯಾಲ ಯಾರ ಕೈಯಾಗೂ ಏನೂ ಕೊಡಬ್ಯಾಡ್ರಿ, ಯಾರದೂ ತರಬ್ಯಾಡ್ರಿ."

ಸುಮಾ ಹಡೆದಳು. ಹೆಣ್ಣುಕೂಸು. ಹೆರಿಗೆಯಾದ ಮೇಲೆ ಬಿ.ಪಿ. ಇಳಿದು ಡಾಕ್ಟರು ಚಿಂತೆಯಿಲ್ಲ ಎಂದ ದಿನ ಮಹಾಂತೇಶ ನಿಜ ಹೇಳಿದ. ಸುಮಾ ಚೀರಲಿಲ್ಲ. ನನ್ನನ್ನು ನೋಡಿ, "ನನಗ ಗೊತ್ತಿತ್ತ, ಚಿಗವ್ವ. ಅವ್ವ ಮುಂಬೈದಾಗ ಇದ್ದಿದ್ರ ನಡಕೋತರ ಬರತಿದ್ಳು" ಎಂದಳು. ಆಮೇಲೆ ಕೂಸನ್ನು ಎದೆಗೆ ಹಾಕಿಕೊಂಡು ಗೋಡೆಯ ಕಡೆ ತಿರುಗಿ ಮಲಗಿದಳು.

ಹಸಿ ಬಾಣಂತಿಯನ್ನು ಜೈಲಿಗೆ ಕರೆತರುವಂತಿರಲಿಲ್ಲ. ಮುಂದಿನ ಭೇಟಿಯಲ್ಲಿ ನಾನು ಸುದ್ದಿ ಹೇಳಿದಾಗ ಅಕ್ಕ ಕೇಳಿದ್ದು ಒಂದೇ. "ಕೈ ಹೆಂಗದಾವು? ದುಂಡಗ ಅದಾವೋ, ಸಣ್ಣ ಅದಾವೋ?"

ದುಂಡಗಿವೆ ಎಂದೆ. ಅವಳು ತನ್ನ ಹೆಬ್ಬೆರಳು, ತೋರುಬೆರಳು ಕೂಡಿಸಿ ಒಂದು ಉಂಗುರ ಮಾಡಿ ಗಾಜಿಗೆ ಹಿಡಿದು, "ಇಷ್ಟ?" ಎಂದಳು. ಬಿಂದಲಿಯ ಅಳತೆ. ಅಷ್ಟೇ ಎಂದೆ.

ಗಾಜಿನ ಗೋಡೆ

ಪ್ರಯೋಗಾಲಯದಿಂದ ವರದಿ ಬಂತು. ಗಸಗಸಿ ಹೌದು, ಬೇರೆ ಏನೂ ಅಲ್ಲ. ನ್ಯಾಯಾಧೀಶರು ಅಕ್ಕನ ವಯಸ್ಸು ನೋಡಿ ಇಷ್ಟು ದಿನದ ಜೈಲೇ ಸಾಕೆಂದರು. ಆದರೆ ಅಲ್ಲಿಂದ ನೇರವಾಗಿ ವಿಮಾನಕ್ಕೆ ಹತ್ತಿಸಬೇಕು, ಮತ್ತೆಂದೂ ಆ ದೇಶಕ್ಕೆ ಬರುವಂತಿಲ್ಲ ಎಂದು ಆಜ್ಞೆಯಾಯಿತು. ಎಷ್ಟೋ ಜನಕ್ಕೆ ವರ್ಷಗಳಾಗುತ್ತವೆ, ನಿಮ್ಮ ಪುಣ್ಯ ಎಂದರು ಎಲ್ಲರೂ. ಪುಣ್ಯವೇ ಇರಬೇಕು. ನನ್ನ ವೀಸಾ ಕೂಡ ಮುಗಿಯುತ್ತ ಬಂದಿತ್ತು. ಅದೇ ವಿಮಾನಕ್ಕೆ ನಾನೂ ಟಿಕೆಟ್ ಮಾಡಿಸಿದೆ.

ಖಾನ್ ಸಾಹೇಬರು ಯಾರ್ಯಾರಿಗೋ ಹೇಳಿ ಒಂದು ಉಪಕಾರ ಮಾಡಿದರು. ನಿಲ್ದಾಣದ ಒಳದಾರಿಯಲ್ಲಿ, ಬೀಳ್ಕೊಡುವವರು ನಿಲ್ಲುವ ಕಡೆ ಒಂದು ಗಾಜಿನ ಗೋಡೆಯಿದೆ. ಅಲ್ಲಿ ಅಕ್ಕನನ್ನು ಸ್ವಲ್ಪ ಹೊತ್ತು ನಿಲ್ಲಿಸುತ್ತಾರೆ, ಆಚೆಯಿಂದ ಮಗಳು ಕೂಸನ್ನು ತೋರಿಸಬಹುದು ಎಂದರು.

ನಾನು ತಪಾಸಣೆ ಮುಗಿಸಿ ಒಳಗೆ ಬಂದಾಗ ಅಕ್ಕ ಆಗಲೇ ಅಲ್ಲಿದ್ದಳು. ಬಂದ ದಿನದ ಅದೇ ಸೀರೆ, ಈಗ ಅದು ಮೈಗೆ ಜೋತು ಬಿದ್ದಿತ್ತು. ಪಕ್ಕದಲ್ಲಿ ಒಬ್ಬ ಮಹಿಳಾ ಪೊಲೀಸು, ಅವಳ ಕೈಯಲ್ಲಿ ಅರಗು ಹಾಕಿದ ಲಕೋಟೆ. ಗಾಜಿನ ಆಚೆ ಮಹಾಂತೇಶ, ಸುಮಾ. ಸುಮಾಳ ತೋಳಿನಲ್ಲಿ ನಾನು ಹೊಲಿದ ಕುಂಚಿಗೆ ಹಾಕಿಕೊಂಡ ಕೂಸು ನಮಗೆ ಬೆನ್ನು ಮಾಡಿ ಮಲಗಿತ್ತು.

ಅಕ್ಕ ಲಕೋಟೆಯನ್ನು ತೋರಿಸಿ ಕೈ ಮುಗಿದಳು. "ಬಾಯೀ, ಅದರಾಗ ಒಂದ ಬಿಂದಲಿ ಐತಿ. ಅಷ್ಟ ತಗದ ಆ ಕಡೆ ಕೊಡ್ರಿ. ಉಳದದ್ದ ಎಲ್ಲಾ ನೀವ ಇಟ್ಕೊಳ್ರಿ."

ನಾನು ಹಿಂದಿಯಲ್ಲಿ, ಇಂಗ್ಲಿಷಿನಲ್ಲಿ, ಕೈಸನ್ನೆಯಲ್ಲಿ ಹೇಳಿದೆ. ಆ ಹೆಣ್ಣುಮಗಳಿಗೆ ಅರ್ಥವಾಯಿತು. ಅವಳೂ ಕೈಯನ್ನು ಎದೆಯ ಮೇಲಿಟ್ಟುಕೊಂಡಳು, ಆಗದೆಂದು ತಲೆಯಾಡಿಸಿದಳು. ಲಕೋಟೆ ಒಡೆಯುವುದು ವಿಮಾನದೊಳಗೇ ಎಂದು ಕಾಯಿದೆ. ನಾನು ನನ್ನ ಕೈಯ ಬಳೆ ಬಿಚ್ಚಿ, ಇದನ್ನಾದರೂ ಆಚೆ ಕೊಡಿ ಎಂದೆ. ಅದೂ ಆಗದು. ಗಾಜಿನ ಈ ಕಡೆಯಿಂದ ಆ ಕಡೆಗೆ ಏನೂ ಹೋಗುವಂತಿಲ್ಲ, ಒಂದು ಹೂವು ಕೂಡ. ಕೈಯಿಂದ ಕೈಗೆ ದಾಟುವ ಸಣ್ಣ ವಸ್ತುಗಳಲ್ಲೇ ಆ ವಿಷ ಹೋಗುತ್ತದೆ, ಅದಕ್ಕೇ ಆ ಗೋಡೆ ಕಟ್ಟಿದ್ದು.

ಸುಮಾ ಕೂಸನ್ನು ನಮ್ಮ ಕಡೆ ತಿರುಗಿಸಿ ಎತ್ತಿ ಹಿಡಿದಳು.

ಅಕ್ಕ ಕಣ್ಣು ಮುಚ್ಚಿಕೊಂಡಳು.

"ಅಕ್ಕಾ, ನೋಡ ಬೇ. ಅಲ್ಲೆ ನೋಡ" ಎಂದೆ. ಅವಳು ರೆಪ್ಪೆಗಳನ್ನು ಇನ್ನೂ ಬಿಗಿಯಾಗಿ ಒತ್ತಿದಳು. ಎರಡೂ ಕೈಗಳನ್ನು ಸೆರಗಿನ ಕೆಳಗೆ ಅಡಗಿಸಿಕೊಂಡಿದ್ದಳು. ಸುಮಾ ಆಚೆಯಿಂದ "ಅವ್ವಾ" ಎನ್ನುತ್ತಿದ್ದಳು, ತುಟಿ ಕಾಣುತ್ತಿತ್ತು, ದನಿ ಬರುತ್ತಿರಲಿಲ್ಲ. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಭುಜ ಹಿಡಿದು ಅಲ್ಲಾಡಿಸಿದೆ. "ಹುಚ್ಚಿ, ಮತ್ತ ಯಾವಾಗ ನೋಡತಿ? ಕಣ್ಣ ತಗಿ!"

ಅವಳ ಮುಚ್ಚಿದ ಕಣ್ಣುಗಳಿಂದ ನೀರು ಇಳಿಯುತ್ತಿತ್ತು. ಹೊತ್ತಾಯಿತೆಂದು ಪೊಲೀಸಿನವಳು ಅವಳ ತೋಳು ಹಿಡಿದಳು. ಕುರುಡಿಯನ್ನು ನಡೆಸಿದಂತೆ ನಡೆಸಿಕೊಂಡು ಹೋದಳು.

ವಿಮಾನ ಏರಿದ ಮೇಲೆ ಲಕೋಟೆ ಒಡೆದು ಕೊಟ್ಟರು. ಅಕ್ಕ ಕರಡಿಗೆಯಲ್ಲಿ ಲಿಂಗವನ್ನಿಟ್ಟು ಕಟ್ಟಿಕೊಂಡಳು. ಬಿಂದಲಿಯನ್ನು ತೊಡೆಯ ಮೇಲಿಟ್ಟುಕೊಂಡು ಹೇಳಿದಳು.

"ಬರಿಗೈಲೆ ಹೆಂಗ ನೋಡಲವಾ? ಮೊದಲನೇ ಸಲ. ಹೆಣ್ಣಕೂಸು. ಅಜ್ಜಿ ಬರಿಗೈಲೆ ನೋಡಿದ್ಳಂದ್ರ ಅದರ ಬಾಳೇ ಬರಿದಾಗತೈತಿ."

ನನಗೆ ಅಪ್ಪ ಗೋಡೆ ನೋಡುತ್ತ ಕುಳಿತದ್ದು ನೆನಪಾಯಿತು. ಆಗ ನಾವೆಲ್ಲ ನಕ್ಕಿದ್ದೆವು.

ರಾಮದುರ್ಗ

ಊರಿಗೆ ಬಂದ ಮೇಲೆ ಮಂದಿ ನೋಡಲು ಬಂದರು, ಪರದೇಶ ಹೇಗಿತ್ತು ಎಂದು ಕೇಳಿದರು. "ಚಲೋ ಊರು. ಸ್ವಚ್ಛ ಐತಿ. ದೊಡ್ಡವರಿಗೆ ಮರ್ಯಾದಿ ಕೊಡತಾರ" ಎನ್ನುತ್ತಿದ್ದಳು ಅಕ್ಕ. ಅದಕ್ಕಿಂತ ಹೆಚ್ಚು ಹೇಳಲಿಲ್ಲ. ಅವಳು ಕಳ್ಳಮಾಲು ಒಯ್ದು ಸಿಕ್ಕಿಬಿದ್ದಳೆಂದು ಬಜಾರದಲ್ಲಿ ಆಡಿಕೊಂಡವರೂ ಇದ್ದರು. ಸಾಲೆಯಲ್ಲಿ ನನ್ನ ಜಾಗಕ್ಕೆ ಬಂದ ಶಿಕ್ಷಕಿ ಆ ವರ್ಷದ ಮೆರವಣಿಗೆಗೆ ನನ್ನನ್ನೂ ಕರೆದಳು. ಹೋಗಲು ಮನಸ್ಸಾಗಲಿಲ್ಲ.

ಮಹಾಂತೇಶನಿಗೆ ಊರಿಗೆ ಬರಲು ರಜೆ ಸಿಗುವುದು ಎರಡು ವರ್ಷಕ್ಕೊಮ್ಮೆ. ಅಲ್ಲಿಯವರೆಗೆ ಸುಮಾ ಕೂಸಿನ ಫೋಟೋಗಳನ್ನು ಕಳಿಸಿದಳು. ಅಕ್ಕ ಲಕೋಟೆ ಒಡೆಯುತ್ತಿರಲಿಲ್ಲ. ದೇವರ ಮಾಡದಲ್ಲಿ ಒಂದರ ಮೇಲೊಂದು ಇಟ್ಟಿದ್ದಳು. "ಮೊದಲ ಕೈಗೆ ಹಾಕತೇನಿ, ಆಮ್ಯಾಲ ಮಾರಿ ನೋಡತೇನಿ" ಎನ್ನುತ್ತಿದ್ದಳು. ಕಿತ್ತೂರಿನಿಂದ ಆ ದೇಶಕ್ಕೆ ಹೋಗುವ ಹುಡುಗರಿದ್ದರು. ಅವರ ಕೈಯಲ್ಲಿ ಬಿಂದಲಿ ಕಳಿಸೋಣ, ಸುಮಾ ನಿನ್ನ ಹೆಸರಿನಲ್ಲಿ ಹಾಕುತ್ತಾಳೆ ಎಂದು ಎಷ್ಟೋ ಸಲ ಹೇಳಿದೆ.

"ಬ್ಯಾಡ. ಇನ್ನೊಬ್ಬರ ಮಕ್ಕಳ ಕೈಯಾಗ ಗಂಟ ಕೊಡಬ್ಯಾಡ" ಎಂದು ಅವಳು ಪ್ರತಿ ಸಲವೂ ಅಂದಳು. ಜೈಲಿನ ಆ ಹುಡುಗಿಯರ ಮುಖ ಅವಳ ಕಣ್ಣೆದುರಿಗಿತ್ತು.

ಬಿಂದಲಿ ಅವಳ ಸೊಂಟದ ಎಲೆಸಂಚಿಯಲ್ಲೇ ಇತ್ತು. ಸಂಜೆ ಹೊತ್ತು ಕಟ್ಟೆಯ ಮೇಲೆ ಕುಳಿತಾಗ ಅದನ್ನು ತೆಗೆದು ಸೆರಗಿನಿಂದ ಒರೆಸಿ ಮತ್ತೆ ಇಡುತ್ತಿದ್ದಳು. ಬೆಳ್ಳಿ ಕಪ್ಪಾಗಲು ಒಮ್ಮೆಯೂ ಬಿಡಲಿಲ್ಲ.

ಸುಮಾ ಬರುವ ತಿಂಗಳು ಹತ್ತಿರವಾದಾಗ ಅಕ್ಕ ನನ್ನನ್ನು ರಾಮದುರ್ಗಕ್ಕೆ ಕರೆಸಿಕೊಂಡು ಮತ್ತೆ ಅಂಟಿನುಂಡಿ ಕಟ್ಟಲು ಕುಳಿತಳು. ಗಸಗಸಿ ಹಾಕಲಿಲ್ಲ. "ಇಲ್ಲಿ ಯಾರ ಕೇಳತಾರ ಬೇ, ಹಾಕು" ಎಂದೆ. ಬೇಡವೆಂದು ಕೈಯಾಡಿಸಿದಳು. ತುಪ್ಪದ ಬೋಗುಣಿ ಇಳಿಸುವಾಗ ಎದೆ ಹಿಡಿದುಕೊಂಡು ಗೋಡೆಗೆ ಒರಗಿದವಳು ಮತ್ತೆ ಏಳಲಿಲ್ಲ. ಹೊಲದಲ್ಲಿ, ಮಾವನ ಮಗ್ಗುಲಿಗೆ ಅವಳನ್ನು ಮಣ್ಣು ಮಾಡಿದೆವು. ಕೈಯಲ್ಲಿ ಲಿಂಗವಿತ್ತು. ಬಿಂದಲಿಯನ್ನು ನಾನು ತೆಗೆದಿಟ್ಟುಕೊಂಡೆ.

ಸುಮಾ ಬಂದಾಗ ಮಗು ಅಂಗಳದ ತುಂಬ ಓಡಾಡುವಷ್ಟಾಗಿತ್ತು. ಸುಮಾ ಮಾಡದಲ್ಲಿದ್ದ ಲಕೋಟೆಗಳನ್ನು ಕಂಡಳು. ಒಂದೂ ಒಡೆದಿರಲಿಲ್ಲ. ಅವುಗಳನ್ನು ಮಡಿಲಿಗೆ ಹಾಕಿಕೊಂಡು, ಅಕ್ಕ ಒರಗಿದ್ದ ಗೋಡೆಯ ಬುಡದಲ್ಲಿ ಕುಳಿತುಬಿಟ್ಟಳು.

ನಾನು ಮಗುವನ್ನು ಕಾಲ ಮೇಲೆ ಕೂರಿಸಿಕೊಂಡು ಬಿಂದಲಿ ತೊಡಿಸಲು ನೋಡಿದೆ. ದುಂಡನೆಯ ಕೈ, ಅಕ್ಕನ ಕೈಯದೇ ಪಡಿಯಚ್ಚು. ಎಣ್ಣೆ ಹಚ್ಚಿದೆ, ಬೆರಳು ಕೂಡಿಸಿ ಒತ್ತಿದೆ. ಬಿಂದಲಿ ಹೆಬ್ಬೆರಳಿನ ಬುಡದಲ್ಲೇ ನಿಂತಿತು. ಮಗುವಿಗೆ ನೋವಾಯಿತೇನೋ, ಕೈ ಎಳೆದುಕೊಂಡು ಅಂಗಳಕ್ಕೆ ಓಡಿತು.